ನಾಲ್ಕರ ವಯಸ್ಸಿನ ಗೆರೆ

1902ರ ಅಕ್ಟೋಬರ್ 3ರಂದು ಚಿತ್ರಕಾರ ಪಾಲ್ ಕ್ಲೇ ತಾವು ಮದುವೆಯಾಗಲಿದ್ದ ಲಿಲಿ ಸ್ಟುಂಪ್ಫ್ ಅವರಿಗೆ ಒಂದು ಕಾಗದ ಬರೆದರು. ಸ್ವಿಟ್ಜರ್‌ಲೆಂಡಿನ ಬರ್ನ್ ಊರಿನಲ್ಲಿದ್ದ ತಂದೆತಾಯಿಯ ಮನೆಯ ಹಳೇ ಸಾಮಾನಿನ ಕೊಠಡಿಯಲ್ಲಿ ತಮ್ಮ ಬಾಲ್ಯದ ಚಿತ್ರಗಳು ಸಿಕ್ಕಿದ ಸುದ್ದಿ ಅದರಲ್ಲಿತ್ತು. ಇಂಥವು ಕೈಗೆ ಸಿಕ್ಕರೆ ಸಾಮಾನ್ಯವಾಗಿ ನಾವು ನಕ್ಕು, ಮನೆಯವರನ್ನು ಕರೆದು ತೋರಿಸಿ, ಮತ್ತೆ ಅಲ್ಲೇ ತುರುಕಿಬಿಡುತ್ತೇವೆ. ಕ್ಲೇ ಆ ಹಾಳೆಗಳ ಎದುರು ಕುಳಿತರು. ಈವರೆಗೆ ತಾನು ಮಾಡಿದ್ದರಲ್ಲಿ ಮಹತ್ವದವು ಇವೇ, ಇವುಗಳ ಮೇಲೆ ಬೇರೆ ಯಾರ ನೆರಳೂ ಬಿದ್ದಿಲ್ಲ, ಇವಕ್ಕೆ ತಮ್ಮದೇ ಶೈಲಿಯ ಬಲವಿದೆ ಎಂಬರ್ಥದ ಮಾತುಗಳನ್ನು ಲಿಲಿಗೆ ಬರೆದರು.

ಆಗ ಅವರಿಗೆ ಇಪ್ಪತ್ತೆರಡು ವರ್ಷ. ಮ್ಯೂನಿಕ್‌ನ ಅಕಾಡೆಮಿಯಲ್ಲಿ ಫ್ರಾಂಜ್ ಸ್ಟುಕ್ ಅವರ ಕೈಕೆಳಗೆ ಕಲಿತು, 1901ರ ಅಕ್ಟೋಬರ್‌ನಿಂದ ಮುಂದಿನ ಮೇ ತಿಂಗಳವರೆಗೆ ಇಟಲಿಯಲ್ಲಿ ಅಲೆದು ಬಂದಿದ್ದರು. ರೋಮ್, ನೇಪಲ್ಸ್, ಫ್ಲಾರೆನ್ಸ್ ಎಲ್ಲವನ್ನೂ ಕಣ್ತುಂಬ ನೋಡಿದ್ದ ಆ ಹುಡುಗನಿಗೆ ಉತ್ಸಾಹದ ಜೊತೆಗೆ ಒಂದು ದಿಗಿಲೂ ಹುಟ್ಟಿತ್ತು. ಇಷ್ಟೆಲ್ಲ ಮಹಾಕೃತಿಗಳು ಆಗಿಹೋದ ಮೇಲೆ ತಾನು ಮಾಡಲು ಉಳಿದಿರುವುದೇನು ಎಂಬ ದಿಗಿಲು ಅದು. ಕೈ ಪಳಗಿತ್ತು, ಮೈಯ ಅಂಗರಚನೆ ಗೊತ್ತಿತ್ತು, ನೆರಳು ಬೆಳಕಿನ ಲೆಕ್ಕ ಗೊತ್ತಿತ್ತು. ಆದರೆ ಬಿಡಿಸಿದ್ದೆಲ್ಲ ಯಾರೋ ಈಗಾಗಲೇ ಬಿಡಿಸಿದ್ದರ ಮುಂದುವರಿಕೆಯಾಗಿ ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಆ ಹಾಳೆಗಳು ಸಿಕ್ಕಿದವು. ಇದನ್ನು ಅವರ ಬದುಕಿನ ಒಂದು ಸಣ್ಣ ಪ್ರಸಂಗವೆಂದು ದಾಟಿ ಹೋಗಲು ನನಗೆ ಮನಸ್ಸಾಗುವುದಿಲ್ಲ. ಬರೆಯುವವರು, ಬಿಡಿಸುವವರು, ನೇಯುವವರು, ಹಾಡು ಕಟ್ಟುವವರು ಯಾರೇ ಇರಲಿ, ಕಲಿತ ವಿದ್ಯೆಯೇ ಭಾರವಾಗುವ ಒಂದು ಕಾಲ ಬಂದೇ ಬರುತ್ತದೆ. ಆಗ ಸ್ವಂತದ್ದು ಯಾವುದು ಎಂದು ಹುಡುಕಲು ಬಾಲ್ಯದ ಚಿತ್ರಗಳಷ್ಟು ನೇರವಾದ ದಾಖಲೆ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಆ ಹಾಳೆಗಳನ್ನು ಬಿಡಿಸಿದ ಮಗು ಎಂಥದ್ದಿತ್ತು ಎಂಬುದು ಕ್ಲೇ ಅವರ ದಿನಚರಿಯಿಂದ ತಿಳಿಯುತ್ತದೆ. ಬಣ್ಣದ ಪೆನ್ಸಿಲ್ ಹಿಡಿಸಿದವರು ತಾಯಿಯ ತಾಯಿ. ಅಜ್ಜಿಯ ಪಕ್ಕ ಕುಳಿತು ಬಿಡಿಸಿದ ಆ ದಿನಗಳು ಬಹಳ ಕಾಲ ನಡೆಯಲಿಲ್ಲ, ಹುಡುಗ ಇನ್ನೂ ಚಿಕ್ಕವನಿರುವಾಗಲೇ ಆಕೆ ತೀರಿಕೊಂಡರು. ಮೂರು ನಾಲ್ಕರ ವಯಸ್ಸಿನಲ್ಲಿ ಅವನು ದೆವ್ವಗಳ ಚಿತ್ರ ಬಿಡಿಸಿದ. ಬಿಡಿಸಿದ ದೆವ್ವಗಳು ಇದ್ದಕ್ಕಿದ್ದಂತೆ ನಿಜವಾದಂತೆ ಅನ್ನಿಸಿ, ಕಿಟಕಿಯಿಂದ ಇಣುಕುತ್ತಿವೆ ಎಂದು ಅಮ್ಮನ ಹತ್ತಿರ ಓಡಿದ. ಒಂಬತ್ತರ ವಯಸ್ಸಿನ ಇನ್ನೊಂದು ನೆನಪು ನನಗೆ ತುಂಬ ಇಷ್ಟವಾದದ್ದು. ಅವನ ಸೋದರಮಾವನದೊಂದು ಹೋಟೆಲು. ಅಲ್ಲಿನ ಮೇಜುಗಳಿಗೆ ನುಣುಪಾದ ಅಮೃತಶಿಲೆಯ ಹಲಗೆ. ಕಲ್ಲಿನೊಳಗಿನ ಗೆರೆಗಳ ಗೋಜಲಿನಲ್ಲಿ ಹುಡುಗನಿಗೆ ವಿಕಾರ ಮುಖಗಳು ಕಾಣಿಸುತ್ತಿದ್ದವು. ಅವನ್ನು ಪೆನ್ಸಿಲ್ಲಿನಿಂದ ಹಿಡಿದಿಡುತ್ತಿದ್ದ. ಸುಣ್ಣ ಬಳಿದ ಗೋಡೆಯ ಮೇಲೆ ಮಳೆನೀರು ಇಳಿದ ಕಲೆಗಳಲ್ಲಿ ಹುಲಿಯನ್ನೋ, ಮುಂಡಾಸಿನ ಮುದುಕನನ್ನೋ ಕಂಡವರಿಗೆ ಇದು ಅರ್ಥವಾಗುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಜ್ವರ ಬಂದು ಮಲಗಿದ ಮಕ್ಕಳೆಲ್ಲ ಅಂಥ ಗೋಡೆಗಳನ್ನು ಓದಿದವರೇ.

ಕ್ಲೇ ಆ ಕಾಗದ ಬರೆಯುವ ಹೊತ್ತಿಗೆ ಮಕ್ಕಳ ಚಿತ್ರಗಳನ್ನು ಗಂಭೀರವಾಗಿ ನೋಡುವ ರೂಢಿ ಯುರೋಪಿನಲ್ಲಿ ಆಗಷ್ಟೇ ಶುರುವಾಗಿತ್ತು. ಇಟಲಿಯ ಕಲಾ ಇತಿಹಾಸಕಾರ ಕೊರ್ರಾಡೊ ರಿಚ್ಚಿ ಒಮ್ಮೆ ಬೊಲೊನ್ಯಾ ಊರಿನಲ್ಲಿ ಮಳೆಗೆ ಸಿಕ್ಕಿ ಒಂದು ಉದ್ದನೆಯ ಕಂಬಸಾಲಿನ ಕೆಳಗೆ ನಿಂತರು. ಗೋಡೆಯ ಮೇಲೆ ಮಕ್ಕಳು ಗೀಚಿದ ಚಿತ್ರಗಳು ಕಣ್ಣಿಗೆ ಬಿದ್ದವು. ಮಳೆಗೆ ನಿಂತವರು ಅವನ್ನು ನೋಡುತ್ತ ಹೋಗಿ, ಕಡೆಗೆ 1887ರಲ್ಲಿ ಮಕ್ಕಳ ಕಲೆಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 1897ರಲ್ಲಿ, ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ ಮಕ್ಕಳಿಗಾಗಿ ಕಲಾ ತರಗತಿ ತೆರೆದರು. ದೊಡ್ಡವರ ಚಿತ್ರಗಳನ್ನು ನಕಲು ಮಾಡಿಸುವ ಪದ್ಧತಿ ಅಲ್ಲಿರಲಿಲ್ಲ.

ಮಗು ಹೇಗೆ ಬಿಡಿಸುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಹಳೆಯ ಹಾಳೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಒಂದೂವರೆ ಎರಡು ವರ್ಷದ ಮಗು ಗೀಚುತ್ತದೆ. ಕೈ ಆಡಿದಂತೆ ಗುರುತು ಮೂಡುತ್ತದಲ್ಲ ಎಂಬ ಬೆರಗೇ ಆಗ ಸಾಕು. ಮೂರು ನಾಲ್ಕಕ್ಕೆ ಒಂದು ದುಂಡು, ಅದರೊಳಗೆ ಎರಡು ಕಣ್ಣು, ಆ ದುಂಡಿನಿಂದಲೇ ಹೊರಟ ಎರಡು ಉದ್ದನೆಯ ಕಾಲು. ಹೊಟ್ಟೆ ಎದೆ ಯಾವುದೂ ಇಲ್ಲದ ಈ ಮನುಷ್ಯ ಜಗತ್ತಿನ ಬಹುಪಾಲು ಊರುಗಳ ಮಕ್ಕಳ ಕೈಯಲ್ಲಿ ಹುಟ್ಟುತ್ತಾನೆ. ಐದು ಆರಕ್ಕೆ ಬಂದಾಗ ಚಿತ್ರಗಳು ನಿಜಕ್ಕೂ ಸೊಗಸಾಗುತ್ತವೆ. ಫ್ರಾನ್ಸಿನ ವಿದ್ವಾಂಸ ಜಾರ್ಜ್ ಹೆನ್ರಿ ಲುಕೆ 1927ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಈ ವಯಸ್ಸಿನ ಮಗು ತಾನು ನಿಂತ ಜಾಗದಿಂದ ಕಂಡಷ್ಟನ್ನು ಬಿಡಿಸುವುದಿಲ್ಲ, ತನಗೆ ಗೊತ್ತಿರುವುದನ್ನೆಲ್ಲ ಬಿಡಿಸುತ್ತದೆ ಎಂಬುದು ಅವರ ಮಾತಿನ ಸಾರ.

ನಮ್ಮ ಊರಿನ ಮಗುವೊಂದು ಬಾವಿ ಬಿಡಿಸಿದ್ದನ್ನು ಗಮನಿಸಿ. ಬಾವಿಯ ಬಾಯಿ ಮೇಲಿನಿಂದ ನೋಡಿದಂತೆ ಪೂರ್ತಿ ದುಂಡಗಿರುತ್ತದೆ. ಕಟ್ಟೆ ಮಾತ್ರ ಎದುರಿನಿಂದ ನೋಡಿದಂತೆ. ಗಡಗಡೆ ಪಕ್ಕದಿಂದ. ಹಗ್ಗ ನೆಲವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ, ತಳದಲ್ಲಿ ನೀರು, ನೀರಿನಲ್ಲಿ ಮುಳುಗಿದ ಕೊಡ, ಕೊಡದ ಪಕ್ಕ ಒಂದು ಮೀನು ಅಥವಾ ಆಮೆ. ಒಂದು ಕ್ಯಾಮೆರಾಕ್ಕೆ ಇಷ್ಟೂ ಸಿಗುವುದಿಲ್ಲ. ತೇರಿನ ಚಿತ್ರದಲ್ಲಿ ರಸ್ತೆಯ ಈ ಬದಿಯ ಜನ ಒಂದು ಕಡೆಗೆ, ಆ ಬದಿಯ ಜನ ಇನ್ನೊಂದು ಕಡೆಗೆ ಮಲಗಿದಂತೆ ಕಾಣುತ್ತಾರೆ. ಮಗು ಹಾಳೆಯನ್ನು ತಿರುಗಿಸಿ ತಿರುಗಿಸಿ ಎರಡೂ ಬದಿಯವರನ್ನು ನೆಟ್ಟಗೆ ನಿಲ್ಲಿಸಿರುತ್ತದೆ. ಬಸುರಿ ಹಸುವಿನ ಹೊಟ್ಟೆಯೊಳಗೆ ಕರು ಕಾಣುತ್ತದೆ. ಮನೆಯ ಗೋಡೆಯ ಆಚೆ ಅಡುಗೆಮನೆಯ ಪಾತ್ರೆಗಳು ಕಾಣುತ್ತವೆ. ಇದನ್ನು ತಪ್ಪು ಎನ್ನುವುದಾದರೆ ನಮ್ಮ ಎಷ್ಟೋ ಭಿತ್ತಿಚಿತ್ರ, ಚಿತ್ತಾರಗಳನ್ನೂ ತಪ್ಪು ಎನ್ನಬೇಕಾಗುತ್ತದೆ. ಆ ಮಗು ಪ್ರತಿ ಗೆರೆಯಲ್ಲೂ ಒಂದು ತೀರ್ಮಾನ ತೆಗೆದುಕೊಂಡಿರುತ್ತದೆ. ಯಾವುದು ದೊಡ್ಡದಿರಬೇಕು, ಯಾವುದು ಬೇಡವೇ ಬೇಡ, ಯಾವುದನ್ನು ಮೊದಲು ಬಿಡಿಸಬೇಕು, ಎಲ್ಲವೂ ಅದರ ಸ್ವಂತ ತೀರ್ಮಾನ.

ಎಂಟು ಒಂಬತ್ತರ ಹೊತ್ತಿಗೆ ಈ ಧೈರ್ಯ ಕುಗ್ಗತೊಡಗುತ್ತದೆ. ಕಂಡದ್ದು ಕಂಡಂತೆ ಬರಬೇಕೆಂಬ ಆಸೆ ಹುಟ್ಟುತ್ತದೆ, ಬಾರದಿದ್ದಾಗ ನಾಚಿಕೆಯಾಗುತ್ತದೆ. ಬಹಳಷ್ಟು ಮಕ್ಕಳು ಹತ್ತು ಹನ್ನೆರಡಕ್ಕೆ ಬಿಡಿಸುವುದನ್ನೇ ನಿಲ್ಲಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಹರಿದು ಬರುವ ನದಿ, ದಡದಲ್ಲಿ ಒಂದು ಮನೆ, ಮನೆಯ ಪಕ್ಕ ಬಾಗಿದ ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಬೆಟ್ಟವನ್ನೇ ಕಾಣದ ವಿಜಯಪುರದ ಬಯಲಿನ ಮಗುವೂ, ಸೂರ್ಯ ಕಡಲಿಗೆ ಇಳಿಯುವುದನ್ನು ದಿನಾ ನೋಡುವ ಮಲ್ಪೆಯ ಮಗುವೂ ಇದನ್ನೇ ಬಿಡಿಸುತ್ತವೆ. ಕರಿಹಲಗೆಯ ಮೇಲೆ ಯಾರೋ ಬರೆದು ತೋರಿಸಿದ ಈ ದೃಶ್ಯ ತಲೆಮಾರುಗಳಿಂದ ಇಳಿದು ಬಂದಿದೆ. ಎಷ್ಟೋ ಕಡೆ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದರಿಂದ ಅದನ್ನು ದಾಟಿ ಹೋಗುವ ಅವಕಾಶವೇ ಮಗುವಿಗೆ ಸಿಗುವುದಿಲ್ಲ. ಹಾಗಾಗಿ ನಿಮ್ಮ ಹಳೆಯ ಚಿತ್ರಗಳ ಕಟ್ಟು ಬಿಚ್ಚಿದಾಗ ಮೊದಲು ಮಾಡಬೇಕಾದ ಕೆಲಸ ಈ ಬೆಟ್ಟ ಸೂರ್ಯಗಳನ್ನು ಪಕ್ಕಕ್ಕಿಡುವುದು. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಅಭ್ಯಾಸ ಮಾಡಿದ ಹೂಜಿ, ಲೋಟ, ಬಾಳೆಹಣ್ಣುಗಳನ್ನೂ ಪಕ್ಕಕ್ಕಿಡಿ. ಅವು ಕಲಿಕೆಯ ಗುರುತುಗಳು, ಅವುಗಳ ಗೌರವ ಅವಕ್ಕಿರಲಿ. ಹುಡುಕಬೇಕಾದ್ದು ಅವುಗಳಾಚೆ ಇದೆ.

ಕ್ಲೇ ಮಾಡಿದ್ದೂ ಇದನ್ನೇ. 1911ರಲ್ಲಿ ಅವರು ತಮ್ಮ ಕೃತಿಗಳ ಒಂದು ಪಟ್ಟಿಯನ್ನು ಕೈಬರಹದಲ್ಲಿ ಸಿದ್ಧಪಡಿಸತೊಡಗಿದರು. ಪ್ರತಿ ಕೃತಿಗೂ ಇಸವಿ, ಸಂಖ್ಯೆ, ಹೆಸರು. ಸಾಯುವವರೆಗೂ ಈ ಲೆಕ್ಕವನ್ನು ಬಿಡದೆ ನಡೆಸಿಕೊಂಡು ಬಂದರು. ಆ ಪಟ್ಟಿಯ ಆರಂಭದಲ್ಲಿ ಬಾಲ್ಯದ 18 ಚಿತ್ರಗಳನ್ನು ಸೇರಿಸಿದರು. ಅತಿ ಹಳೆಯದು 1883ರದ್ದು, ಅಂದರೆ ಅವರಿನ್ನೂ ನಾಲ್ಕರ ಆಸುಪಾಸಿನಲ್ಲಿದ್ದಾಗಿನದು. ಆಮೇಲೆ ಹೈಸ್ಕೂಲಿನಲ್ಲಿ ಕ್ಯಾಲೆಂಡರ್ ನೋಡಿ ನಕಲು ಮಾಡಿದ ದೃಶ್ಯಗಳೂ, ಅಕಾಡೆಮಿಯಲ್ಲಿ ಗುರುಗಳ ಎದುರು ಬಿಡಿಸಿದ ಅಭ್ಯಾಸದ ಚಿತ್ರಗಳೂ ಬೇಕಾದಷ್ಟಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಪಟ್ಟಿಯಿಂದ ಹೊರಗಿಟ್ಟರು. ಮೂವತ್ತೊಂದರ ವಯಸ್ಸಿನ ಒಬ್ಬ ಕಲಾವಿದ ಕುಳಿತು, ನಾಲ್ಕರ ವಯಸ್ಸಿನ ಗೀಚು ನನ್ನ ಕೃತಿ, ಹತ್ತೊಂಬತ್ತರ ವಯಸ್ಸಿನ ಅಚ್ಚುಕಟ್ಟು ಚಿತ್ರ ನನ್ನ ಕೃತಿಯಲ್ಲ ಎಂದು ತೀರ್ಮಾನಿಸುವುದು ಸಣ್ಣ ಮಾತಲ್ಲ. ಸ್ವಂತ ಬಾಲ್ಯವನ್ನು ಹೀಗೆ ಅಧಿಕೃತವಾಗಿ ತಮ್ಮ ಕಲೆಯ ಲೆಕ್ಕಕ್ಕೆ ಸೇರಿಸಿಕೊಂಡ ಇನ್ನೊಬ್ಬ ದೊಡ್ಡ ಕಲಾವಿದರು ನನಗಂತೂ ನೆನಪಾಗುವುದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ ಹಾಳೆಗಳು ಸಿಕ್ಕ 1902ಕ್ಕೂ ಈ ಪಟ್ಟಿಗೂ ನಡುವೆ ಒಂಬತ್ತು ವರ್ಷ ಕಳೆದಿತ್ತು. ಸಿಕ್ಕ ಮರುದಿನವೇ ಕ್ಲೇ ಮಗುವಿನಂತೆ ಬಿಡಿಸತೊಡಗಲಿಲ್ಲ. ಮುಂದಿನ ಮೂರು ವರ್ಷ ಅವರು ಸತುವಿನ ತಗಡಿನ ಮೇಲೆ ಆಮ್ಲ ಹಾಕಿ ಕೊರೆಯುವ ಮುದ್ರಣಚಿತ್ರಗಳನ್ನು ಮಾಡಿದರು. ಅವುಗಳಲ್ಲಿ ಸ್ನಾಯು ಸ್ನಾಯುವನ್ನೂ ಎಣಿಸುವಂಥ ಬಿಗಿ ಕುಸುರಿಯಿದೆ, ಮಕ್ಕಳ ಚಿತ್ರದ ಗಾಳಿಯೂ ಅಲ್ಲಿ ಸುಳಿಯುವುದಿಲ್ಲ. 1905ರಲ್ಲಿ ಗಾಜಿಗೆ ಕಪ್ಪು ಬಳಿದು ಸೂಜಿಯಿಂದ ಗೀರುವ ಪ್ರಯೋಗ ಶುರುಮಾಡಿದರು. ಅಲ್ಲಿ ಗೆರೆ ಸಡಿಲಗೊಂಡಿತು. 1906ರಲ್ಲಿ ಲಿಲಿಯನ್ನು ಮದುವೆಯಾಗಿ ಮ್ಯೂನಿಕ್‌ಗೆ ಹೋದರು. ಮುಂದಿನ ವರ್ಷ ಮಗ ಫೆಲಿಕ್ಸ್ ಹುಟ್ಟಿದ. ಲಿಲಿ ಪಿಯಾನೊ ಪಾಠ ಹೇಳಿ ಸಂಸಾರ ನಡೆಸಿದರೆ ಕ್ಲೇ ಅಡುಗೆ ಮಾಡುತ್ತ, ಮಗುವನ್ನು ನೋಡಿಕೊಳ್ಳುತ್ತ, ಅಡುಗೆಮನೆಯಲ್ಲೇ ಚಿತ್ರ ಬಿಡಿಸುತ್ತ ಇದ್ದರು. ಮಗು ಏನು ತಿಂದಿತು, ಯಾವಾಗ ಯಾವ ಮಾತಾಡಿತು ಎಂಬುದನ್ನೆಲ್ಲ ಬರೆದಿಟ್ಟರು. ಫೆಲಿಕ್ಸ್ ಬಿಡಿಸಿದ ಚಿತ್ರಗಳನ್ನು ತಮ್ಮ ಚಿತ್ರಗಳಂತೆಯೇ ರಟ್ಟಿಗೆ ಅಂಟಿಸಿ ಕಾಪಾಡಿದರು. ಆಮೇಲೆ ಅವನಿಗಾಗಿ ಬೆಂಕಿಪೊಟ್ಟಣ, ದನದ ಮೂಳೆ, ಹಳೆ ಬಟ್ಟೆ, ಕರೆಂಟಿನ ಪ್ಲಗ್ಗು, ಏನು ಸಿಕ್ಕರೆ ಅದರಿಂದ ಕೈಗೊಂಬೆಗಳನ್ನು ಮಾಡಿಕೊಟ್ಟರು. 1916ರಿಂದ 1925ರವರೆಗೆ ಸುಮಾರು ಐವತ್ತು ಗೊಂಬೆಗಳಾದವು, ಮೂವತ್ತು ಇಂದಿಗೂ ಉಳಿದಿವೆ. ಅಂದರೆ ತಮ್ಮ ಬಾಲ್ಯದ ಹಾಳೆಯಿಂದ ಕಲಿಯಬೇಕಾದ್ದನ್ನು ಅವರು ಇನ್ನೊಂದು ಬಾಲ್ಯವನ್ನು ದಿನದಿನವೂ ಹತ್ತಿರದಿಂದ ನೋಡುತ್ತ ಅರಗಿಸಿಕೊಂಡರು.

ಅದೇ ಮ್ಯೂನಿಕ್‌ನಲ್ಲಿ ಕ್ಯಾಂಡಿನ್‌ಸ್ಕಿ ಮತ್ತು ಗಾಬ್ರಿಯೆಲೆ ಮ್ಯೂಂಟರ್ ಎಂಬ ಚಿತ್ರಕಾರರು ಮಕ್ಕಳ ಚಿತ್ರಗಳನ್ನು ಸಂಗ್ರಹಿಸುತ್ತಿದ್ದರು. ಮ್ಯೂಂಟರ್ ಮಕ್ಕಳು ಬಿಡಿಸಿದ ಮನೆಗಳನ್ನು ನೇರವಾಗಿ ತಮ್ಮ ಕ್ಯಾನ್ವಾಸಿಗೆ ತಂದದ್ದೂ ಉಂಟು. ಕ್ಯಾಂಡಿನ್‌ಸ್ಕಿ ಮತ್ತು ಫ್ರಾಂಜ್ ಮಾರ್ಕ್ 1912ರಲ್ಲಿ ಹೊರತಂದ ‘ನೀಲಿ ಸವಾರ’ ವಾರ್ಷಿಕದಲ್ಲಿ ಜಾನಪದ ಚಿತ್ರಗಳು, ಆಫ್ರಿಕಾದ ಶಿಲ್ಪಗಳ ಜೊತೆ ಮಕ್ಕಳ ಚಿತ್ರಗಳಿಗೂ ಜಾಗ ಸಿಕ್ಕಿತು. ಬೇರೆಯವರ ಮಕ್ಕಳ ಚಿತ್ರದಿಂದ ಕಲಿಯುವುದಕ್ಕೂ ತನ್ನದೇ ಬಾಲ್ಯದ ಚಿತ್ರಕ್ಕೆ ಮರಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಬಾಲ್ಯದ ಸಾಮಾನ್ಯ ವ್ಯಾಕರಣ ಸಿಗುತ್ತದೆ. ಎರಡನೆಯದರಲ್ಲಿ ಆ ವ್ಯಾಕರಣವನ್ನು ತಾನು ಎಲ್ಲಿ ಮುರಿದೆ, ತನ್ನ ಹಟ ಎಲ್ಲಿತ್ತು ಎಂಬುದು ಸಿಗುತ್ತದೆ. ಪಿಕಾಸೊಗೆ ಇಂಥ ಕಟ್ಟು ಸಿಗುವಂತೆಯೇ ಇರಲಿಲ್ಲ. ಅವರ ತಂದೆ ಚಿತ್ರಕಲೆಯ ಮೇಷ್ಟ್ರು. ಬಾರ್ಸಿಲೋನಾದ ಮ್ಯೂಸಿಯಮ್ಮಿನಲ್ಲಿರುವ 1890ರ ಹರ್ಕ್ಯುಲಿಸ್ ಚಿತ್ರವನ್ನು ನೋಡಿದರೆ ಒಂಬತ್ತರ ಹುಡುಗ ಆಗಲೇ ದೊಡ್ಡವರಂತೆ ಬಿಡಿಸುತ್ತಿದ್ದುದು ತಿಳಿಯುತ್ತದೆ. ತಾನು ಮಗುವಾಗಿದ್ದಾಗ ಮಕ್ಕಳಂತೆ ಬಿಡಿಸಲೇ ಇಲ್ಲ ಎಂದು ಅವರು ಆಮೇಲೆ ಹೇಳಿಕೊಂಡರು.

ಮಕ್ಕಳ ಗೆರೆಗೆ ಹತ್ತಿರವಾದ ಕಲೆಗೆ ತೆರಬೇಕಾದ ಬೆಲೆಯನ್ನೂ ಕ್ಲೇ ತೆತ್ತರು. ಇಂಥದ್ದನ್ನು ನಮ್ಮ ಮನೆ ಮಗುವೂ ಬಿಡಿಸುತ್ತದೆ ಎಂಬ ಮಾತು ಅವರನ್ನು ಜೀವನವಿಡೀ ಹಿಂಬಾಲಿಸಿತು. ತನ್ನ ಚಿತ್ರಗಳು ಸರಳವಾಗಿ ಕಂಡರೆ ಅದಕ್ಕೆ ಕಾರಣ ಶಿಸ್ತು, ಎಲ್ಲವನ್ನೂ ಕೆಲವೇ ಹೆಜ್ಜೆಗಳಿಗೆ ಇಳಿಸುವ ಶಿಸ್ತು ಎಂದು ಅವರು 1909ರಷ್ಟು ಹಿಂದೆಯೇ ದಿನಚರಿಯಲ್ಲಿ ಬರೆದುಕೊಂಡಿದ್ದರು. 1921ರಿಂದ ಹತ್ತು ವರ್ಷ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಗೆರೆ, ತೂಕ, ಚಲನೆ, ಬಣ್ಣಗಳ ಬಗ್ಗೆ ಅವರು ಮಾಡಿದ ಪಾಠಗಳ ಟಿಪ್ಪಣಿಗಳೇ ಸಾವಿರಾರು ಪುಟಗಳಿವೆ. 1922ರ ಡಿಸೆಂಬರ್‌ನಲ್ಲಿ ಆ ಶಾಲೆಯವರ ಕೃತಿಗಳು ಕಲ್ಕತ್ತಕ್ಕೆ ಬಂದು ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್‌ನ ಪ್ರದರ್ಶನದಲ್ಲಿ ಕಾಣಿಸಿಕೊಂಡವು. ಕ್ಲೇ ಅವರ ಜಲವರ್ಣಗಳೂ ಅದರಲ್ಲಿದ್ದವು. 1933ರಲ್ಲಿ ನಾಜಿಗಳು ಅವರನ್ನು ಡ್ಯೂಸೆಲ್‌ಡಾರ್ಫ್ ಅಕಾಡೆಮಿಯ ಕೆಲಸದಿಂದ ತೆಗೆದರು. ಜರ್ಮನಿಯ ಮ್ಯೂಸಿಯಮ್ಮುಗಳಿಂದ ಅವರ ನೂರಕ್ಕೂ ಹೆಚ್ಚು ಕೃತಿಗಳನ್ನು ಕಿತ್ತುಕೊಂಡು, ಕೆಲವನ್ನು 1937ರ ‘ಕೆಟ್ಟುಹೋದ ಕಲೆ’ ಎಂಬ ಪ್ರದರ್ಶನದಲ್ಲಿ ಜನ ನಗಲೆಂದು ತೂಗುಹಾಕಿದರು.

ಅಷ್ಟರಲ್ಲಿ ಕ್ಲೇ ಬರ್ನ್‌ಗೆ ಮರಳಿದ್ದರು. 1935ರಲ್ಲಿ ಚರ್ಮ ಗಟ್ಟಿಯಾಗುತ್ತ ಹೋಗುವ ಸ್ಕ್ಲೀರೊಡರ್ಮಾ ಎಂಬ ಕಾಯಿಲೆ ಹಿಡಿಯಿತು. ನುಂಗುವುದೇ ಕಷ್ಟವಾಯಿತು. ಅಂಥ ಸ್ಥಿತಿಯಲ್ಲಿ 1939ರ ಒಂದೇ ವರ್ಷ 1,200ಕ್ಕೂ ಹೆಚ್ಚು ಕೃತಿಗಳನ್ನು ಮಾಡಿದರು. ಅವುಗಳಲ್ಲಿ ದೇವದೂತರ ಒಂದು ಸರಣಿಯೇ ಇದೆ. ಎಲ್ಲವನ್ನೂ ಮರೆತವನಂತೆ ಕಣ್ಣು ಕೆಳಗೆ ಮಾಡಿ, ಕೈ ಜೋಡಿಸಿಕೊಂಡ ಒಬ್ಬ ದೂತನಿದ್ದಾನೆ. ಕೈಯೆತ್ತದೆ ಎಳೆದಂಥ ಕೆಲವೇ ಗೆರೆಗಳು, ರೆಕ್ಕೆ ಯಾವುದು ತೋಳು ಯಾವುದು ಎಂದು ಬಿಡಿಸಿ ಹೇಳಲಾಗದಂತೆ ಒಂದರೊಳಗೊಂದು ಹೊಕ್ಕಿವೆ. ಅವರ ಬಾಲ್ಯದ ಹಾಳೆಗಳಲ್ಲಿ ಹಳದಿ ರೆಕ್ಕೆಯ ಬಾಲಯೇಸುವಿನ ಚಿತ್ರವೊಂದಿದೆ, 1885ರದ್ದು. ಐದು ವರ್ಷದ ಹುಡುಗನಿಗೆ ರೆಕ್ಕೆಯಿರುವ ದೇಹ ಒಂದು ಸಮಸ್ಯೆಯಾಗಿತ್ತು, ರೆಕ್ಕೆ ಎಲ್ಲಿಂದ ಹುಟ್ಟುತ್ತದೆ, ಕೈಗಳೇನಾಗುತ್ತವೆ. ಐವತ್ತೊಂಬತ್ತರ ರೋಗಿಯ ಎದುರಿಗೂ ಅದೇ ಸಮಸ್ಯೆಯಿತ್ತು. ಈ ಎರಡನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಮನವರಿಕೆಯಾಗುವುದು ಇಷ್ಟು: ಅವರು ಬಾಲ್ಯದಿಂದ ಶೈಲಿಯನ್ನು ತರಲಿಲ್ಲ, ಬಿಡಿಸದೇ ಉಳಿದ ಪ್ರಶ್ನೆಯನ್ನು ತಂದರು. 1940ರ ಜೂನ್ 29ರಂದು ಅವರು ತೀರಿಕೊಂಡರು.

ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರದು ಬೇರೆಯದೇ ದಾರಿ, ಅವರು ಬಾಲ್ಯದ ಚಿತ್ರವನ್ನು ಬಿಟ್ಟುಹೋಗಲೇ ಇಲ್ಲ. ನೆಲ, ಗೋಡೆ, ಬಾಗಿಲು ಎಲ್ಲೆಂದರಲ್ಲಿ ಗೀಚುತ್ತಿದ್ದ ಹುಡುಗ. ಕಿಟಕಿಯಾಚೆ ಒಣಗಿದ ಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಎದುರು ಮನೆಗಳ ಸೂರಿನ ಮೇಲೆ ನಾನಾ ಭಂಗಿಯಲ್ಲಿ ಕೂತ ಕಾಗೆಗಳು. ತರಗತಿಯಲ್ಲಿ ಅವರು ಬಿಡಿಸಿದ ಅರಳಿ ಎಲೆಯನ್ನು ಮೇಷ್ಟ್ರೊಬ್ಬರು ಮೆಚ್ಚಿಕೊಂಡದ್ದನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಈ ಚಿತ್ರಗಳಲ್ಲಿಲ್ಲ ಎಂಬ ಉತ್ತರ ಬಂತು. ಅವರು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು, ರಾಶಿಯವರ ‘ಕೊರವಂಜಿ’ ಹಾಸ್ಯಪತ್ರಿಕೆಗೆ ವ್ಯಂಗ್ಯಚಿತ್ರ ಬಿಡಿಸಿದರು, ಮುಂದೆ ಮುಂಬಯಿಗೆ ಹೋಗಿ ದೇಶಕ್ಕೆಲ್ಲ ಬೇಕಾದವರಾದರು. ಇಷ್ಟಾದರೂ ಕಾಗೆ ಕೈಬಿಡಲಿಲ್ಲ. ದಿನಪತ್ರಿಕೆಯ ಕೆಲಸದ ಆಚೆ ಕಾಗೆಗಳನ್ನು ಬಿಡಿಸುತ್ತಲೇ ಹೋದರು, ಬರೀ ಕಾಗೆಗಳ ಚಿತ್ರಪ್ರದರ್ಶನವನ್ನೂ ಮಾಡಿದರು. ಹಸಿರು ಮರ, ನೀಲಿ ಆಕಾಶ, ಕೆಮ್ಮಣ್ಣು ಯಾವುದರ ಎದುರಿಗಾದರೂ ಆ ಕಪ್ಪು ಎದ್ದು ಕಾಣುತ್ತಿದ್ದುದು ಬಾಲ್ಯದಲ್ಲೇ ಅವರ ಕಣ್ಣಿಗೆ ಹತ್ತಿತ್ತು. ಅವರ ವ್ಯಂಗ್ಯಚಿತ್ರದ ಕುಂಚದ ಗೆರೆ ನೋಡಿ, ಮಂತ್ರಿಯ ಕೋಟಿನ ಕಪ್ಪು, ಛತ್ರಿಯ ಕಪ್ಪು, ಬಿಳಿ ಹಾಳೆಯ ಮೇಲೆ ಅದು ಕೂರುವ ಠೀವಿ. ಸೂರಿನ ಮೇಲಿನ ಕಾಗೆಗೂ ಅದಕ್ಕೂ ಸಂಬಂಧವಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಚಿತ್ರಕಾರರಲ್ಲದವರಿಗೂ ಇದು ಸಲ್ಲುತ್ತದೆಯೇ ಎಂದು ಕೇಳಬಹುದು. ಸಲ್ಲುತ್ತದೆ ಎಂದು ಸ್ವಂತ ಅನುಭವದಿಂದ ಹೇಳಬಲ್ಲೆ. ನಮ್ಮ ಮನೆಯಲ್ಲಿ ಅಮ್ಮ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಮಕ್ಕಳಿಗೆ ಗೀಚಲು ಕೊಡುತ್ತಿದ್ದಳು. ಅಂಥ ಒಂದು ಪತ್ರಿಕೆ ಟ್ರಂಕಿನ ತಳದಲ್ಲಿ ಉಳಿದಿತ್ತು. ಅದರಲ್ಲಿ ನಾನು ಬಿಡಿಸಿದ ಕೆಂಪು ಬಸ್ಸು. ಚಕ್ರಗಳೆಲ್ಲ ಒಂದೇ ಸಾಲಿನಲ್ಲಿ, ಕಿಟಕಿಗೊಂದು ಮುಖ, ಎಲ್ಲರೂ ನೋಡುವವರ ಕಡೆಗೇ ನೋಡುತ್ತಿದ್ದಾರೆ. ಕಂಡಕ್ಟರ್ ಮಾತ್ರ ಬಸ್ಸಿನ ಹೊರಗೆ ನಿಂತಿದ್ದಾರೆ, ಅವರ ಚರ್ಮದ ಚೀಲ ಅವರಿಗಿಂತ ದೊಡ್ಡದು. ಚೀಲದೊಳಗಿನ ನಾಣ್ಯಗಳನ್ನು ಒಂದೊಂದಾಗಿ ದುಂಡಗೆ ಬಿಡಿಸಿದ್ದೇನೆ, ಪೆನ್ಸಿಲ್ ಒತ್ತಿದ ರಭಸಕ್ಕೆ ರಟ್ಟಿನ ಈಚೆ ಬದಿಯ ವಧೂವರರ ಹೆಸರಿನ ಮೇಲೂ ಉಬ್ಬು ಬಂದಿದೆ. ಬಹಳ ಹೊತ್ತು ನೋಡಿದ ಮೇಲೆ ಹೊಳೆಯಿತು: ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತ ಐದಾರು ವರ್ಷದ ಮಗುವಿನ ಮುಖಕ್ಕೆ ಸರಿಯಾಗಿ ಬರುವುದು ಆ ಚೀಲ. ಅದರ ಚರ್ಮದ ವಾಸನೆ, ಚಿಲ್ಲರೆಯ ಸದ್ದು, ಅದು ಕೆನ್ನೆಗೆ ತಾಗಿದ ತಣ್ಣನೆ. ಆ ಪತ್ರಿಕೆ ಸಿಕ್ಕಾಗ ನಾನು ಊರಿನ ಸಂತೆಯ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೆ, ಅದು ಎಲ್ಲರೂ ಬರೆದ ಸಂತೆಯಂತೆಯೇ ಸಪ್ಪೆಯಾಗಿತ್ತು. ಅದನ್ನು ಪೂರ್ತಿ ಸೊಂಟದ ಎತ್ತರದಿಂದ ಮತ್ತೆ ಬರೆದೆ: ತಕ್ಕಡಿಯ ತಳ, ಬುಟ್ಟಿಗಳ ಅಂಚು, ದೊಡ್ಡವರ ಸೀರೆ ಪಂಚೆಗಳ ನಡುವಿನ ಸಂದು, ನೆಲಕ್ಕೆ ಬಿದ್ದ ಕರಿಬೇವು. ಚಿತ್ರ ನನಗೆ ಕೊಟ್ಟದ್ದು ಒಂದು ಎತ್ತರವನ್ನು. ನೆನಪಿನಿಂದ ಅದು ಸಿಗುತ್ತಿರಲಿಲ್ಲ, ಯಾಕೆಂದರೆ ನೆನಪು ನಾವು ಬೆಳೆದಂತೆಲ್ಲ ನಮ್ಮ ಜೊತೆ ಬೆಳೆದು, ಎಲ್ಲವನ್ನೂ ಈಗಿನ ಎತ್ತರದಿಂದಲೇ ತೋರಿಸುತ್ತದೆ. ಹಾಳೆ ಹಾಗೆ ಬೆಳೆಯುವುದಿಲ್ಲ.

ಹಳೆಯ ಚಿತ್ರದ ಎದುರು ಕುಳಿತಾಗ ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಮೊದಲು ಬದಿಗಿಡಬೇಕು. ಯಾವುದು ಅಳತೆ ಮೀರಿ ದೊಡ್ಡದಾಗಿದೆ, ಎಲ್ಲಿ ಪೆನ್ಸಿಲ್ ಒತ್ತಿ ಹಾಳೆ ಹರಿದಿದೆ, ಯಾವುದನ್ನು ಮರೆತಿದೆ, ಯಾವ ಆಕಾರ ಚಿತ್ರದಿಂದ ಚಿತ್ರಕ್ಕೆ ಮರಳಿ ಮರಳಿ ಬರುತ್ತದೆ ಎಂದು ನೋಡಬೇಕು. ಮರಳಿ ಬರುವ ಆಕಾರ ಒಂದಿದ್ದರೆ ಅದನ್ನು ಬಿಡಬಾರದು. ಆಮೇಲೆ ಆ ಚಿತ್ರವನ್ನು ತಿದ್ದಿ ಚಂದ ಮಾಡಲು ಹೋಗಬಾರದು, ಸರಿಯಾದ ಅಳತೆಯ ಬಸ್ಸು ಬಿಡಿಸಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಅದರಲ್ಲಿರುವ ಒಂದೇ ಒಂದು ತೀರ್ಮಾನವನ್ನು ಎತ್ತಿಕೊಂಡು ಇವತ್ತಿನ ಕೆಲಸಕ್ಕೆ ನಿಯಮವಾಗಿ ಇಟ್ಟುಕೊಂಡರೆ ಸಾಕು. ಬೇಕೆಂದೇ ಸೊಟ್ಟಗೆ ಬಿಡಿಸಿ, ಕ್ರೇಯಾನ್ ಬಣ್ಣ ಬಳಿದು, ಮಗುವಿನ ಕೈಬರಹದ ಅಕ್ಷರ ಹಾಕಿ ಜಾಹೀರಾತುಗಳಲ್ಲೂ ಪುಸ್ತಕದ ಹೊದಿಕೆಗಳಲ್ಲೂ ನಡೆಸುವ ಮುಗ್ಧತೆಯ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ. ಮಗು ಸೊಟ್ಟಗೆ ಬಿಡಿಸಬೇಕೆಂದು ಬಿಡಿಸುವುದಿಲ್ಲ, ತನ್ನ ಶಕ್ತಿಯಿದ್ದಷ್ಟು ನಿಜವಾಗಿ ಬಿಡಿಸುತ್ತದೆ. ಅದರಿಂದ ತೆಗೆದುಕೊಳ್ಳಬೇಕಾದ್ದು ಆ ನಿಷ್ಠೆಯನ್ನು.

ಆದರೆ ಕಟ್ಟು ಉಳಿದಿದ್ದರೆ ತಾನೇ ಬಿಚ್ಚುವುದು? ನಮ್ಮಲ್ಲಿ ಮನೆ ಬದಲಾಯಿಸುವಾಗ, ಹಬ್ಬಕ್ಕೆ ಮನೆ ಗುಡಿಸುವಾಗ ಮೊದಲು ಹಳೆ ಪೇಪರಿನವರ ತಕ್ಕಡಿ ಹತ್ತುವುದು ಮಕ್ಕಳ ನೋಟ್‌ಬುಕ್ಕುಗಳು. ಉಳಿದದ್ದನ್ನು ಗೆದ್ದಲು ತಿನ್ನುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿದ್ದೇವಲ್ಲ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇವೆ. ಫೋಟೊದಲ್ಲಿ ಹಾಳೆಯ ಅಳತೆಯಾಗಲೀ, ಒತ್ತಿದ ಗೆರೆಯ ಉಬ್ಬಾಗಲೀ, ಹಿಂಬದಿಯಲ್ಲಿರುವುದಾಗಲೀ ಉಳಿಯುವುದಿಲ್ಲ, ಫೋನು ಕೆಟ್ಟರೆ ಅದೂ ಹೋಯಿತು.

ಮಕ್ಕಳಿರುವ ಮನೆಯವರಲ್ಲಿ ನನ್ನದೊಂದು ಕೋರಿಕೆ. ಬಿಡಿಸಿದ್ದೆಲ್ಲವನ್ನೂ ಇಡಬೇಕಿಲ್ಲ, ವರ್ಷಕ್ಕೆ ಹತ್ತು ಹಾಳೆ ಇಟ್ಟರೂ ಸಾಕು. ಬಹುಮಾನ ಬಂದದ್ದನ್ನೇ ಆರಿಸಬೇಡಿ, ಮಗು ತಾನಾಗಿ ಬಿಡಿಸಿದ್ದನ್ನು ಆರಿಸಿ. ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ತೆಗೆಯಲು ಬರುವುದಿಲ್ಲ. ಸೆಲ್ಲೊಟೇಪ್ ಬೇಡ, ಅದು ಹಳದಿಗಟ್ಟಿ ಕಲೆ ಬಿಡುತ್ತದೆ. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ, ಹಾಗಾಗಿ ಗೋಡೆಗೆ ಅಂಟಿಸಿದ್ದನ್ನು ಕೆಲವು ದಿನಗಳ ಮೇಲೆ ತೆಗೆದಿಡಿ. ಮಡಿಚದೆ, ಒಂದರ ಮೇಲೊಂದು ಚಪ್ಪಟೆಯಾಗಿ, ನೆಲಕ್ಕೂ ಗೋಡೆಗೂ ತಾಗದ ಒಣ ಜಾಗದಲ್ಲಿಡಿ. ಪ್ರತಿ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಮಗುವಿನ ಹೆಸರು, ವಯಸ್ಸು, ತಾರೀಖು ಬರೆಯಿರಿ. ಇದು ಏನು ಎಂದು ಮಗುವನ್ನು ಕೇಳಿ, ಅದು ಹೇಳಿದ ಮಾತನ್ನು ತಿದ್ದದೆ ಅದರ ಕೆಳಗೇ ಬರೆದಿಡಿ.